ಹಾರದ ಹೆಲಿಕಾಪ್ಟರು, ಹೊರಟ ಕಾರು

ಗೆಳೆಯರೇ, ಇವತ್ತು ಪಾಂಡವಪುರದ ಮೈದಾನದಲ್ಲಿ ಒಬ್ಬ ಪೈಲಟ್ ಕವಿದ ಮೋಡ ನೋಡಿ ಹೆಲಿಕಾಪ್ಟರ್ ಎತ್ತಲು ಒಪ್ಪಲಿಲ್ಲ. ಚುನಾವಣಾ ಭಾಷಣ ಮುಗಿಸಿದ ನಾಯಕರು ಕೆ.ಆರ್. ಪೇಟೆಯ ಸಭೆಗೆ ಹೊರಡಬೇಕಿತ್ತು.

"ಅಲ್ಲಿ ಜನ ಕಾಯ್ತಾವ್ರೆ ಕಣ್ರೀ, ನಾಲ್ಕು ಹನಿಗೆ ಎದರ್ಕತೀರಾ?" ಎಂದು ಕಾರ್ಯಕರ್ತರು ಮುತ್ತಿಕೊಂಡರು.

"ಮುಂದೆ ಏನೂ ಕಾಣಲ್ಲ, ಹಾರಿಸಲ್ಲ" ಎಂದು ಆತ ಒಳಗೆ ಕೂತು ಬಾಗಿಲು ಹಾಕಿಕೊಂಡ. ಅದನ್ನು ತಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಸಿಟ್ಟೆಲ್ಲ ಅಂಬಾಸಿಡರ್ ಓಡಿಸುವ ನನ್ನ ತಮ್ಮ ಶಿವಣ್ಣನ ಮೇಲೆ ತಿರುಗಿತು. "ಮಳೆ ನಿಂತ್ಕಳ್ಳಿ ಕಣಣ್ಣ, ಚಿನಕುರಳಿ ತಾವ ರಸ್ತೆನೇ ಕಾಣಾಕಿಲ್ಲ" ಎಂದ ಪಾಪ.

"ನೀನೂ ಪೈಲಟ್ ಆಗ್ಬುಟ್ಯೇನ್ಲಾ? ನಾಯಕ್ರು ಕೂತವ್ರೆ, ಎತ್ಲಾ ಗಾಡಿಯ!" ಎಂದು ಕಾರ್ಯಕರ್ತರು ಗದರಿದರು.

ಎತ್ತಿದ. ಚಿನಕುರಳಿ ದಾಟುವ ಮೊದಲೇ ಕಾರು ನಾಲೆಗೆ ಉರುಳಿತು.

ನಾಯಕರ ಹಣೆಗೆ ಒಂದು ಪಟ್ಟಿ ಹಾಕಿ ಕಳಿಸಿದ್ದಾರೆ. ತಮ್ಮನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಆಸ್ಪತ್ರೆಯ ಹೊರಗೆ ಅದೇ ಕಾರ್ಯಕರ್ತರು ನನ್ನ ಹೆಗಲು ಹಿಡಿದು ಸಮಾಧಾನ ಹೇಳುತ್ತಿದ್ದಾರೆ: "ಆ ಪೈಲಟ್ ನನ್ಮಗ ಆರ್ಸಿದ್ರೆ ಇಂಗಾಯ್ತಿರ್ಲಿಲ್ಲ ಕಣಣ್ಣ."

ನಮ್ಮ ಕಾರಿಗೂ ಬಾಗಿಲಿತ್ತು ಕಣ್ರಪ್ಪ. ಅದನ್ನು ಹಾಕಿಕೊಂಡು ಸುಮ್ಮನೆ ಕೂರುವ ಯೋಗ ನನ್ನ ತಮ್ಮನಿಗಿರಲಿಲ್ಲ.