ಕಂಬಳಿಯೊಳಗೆ ಸಿಕ್ಕ ಗಣಿತ

ನನ್ನ ಗಣಿತದ ಸರ್ಟಿಫಿಕೇಟು ನಾನು ಗಳಿಸಿದ್ದಲ್ಲ. ಅದು ಮಲ್ಲಪ್ಪನದು — ನನ್ನ ಜೊತೆ ಮಾಸ್ತರಿಕೆಯ ತರಬೇತಿಗೆ ಬಂದಿದ್ದ, ಕುರಿ ಸಾಕುವ ಮನೆತನದ ಮಲ್ಲಪ್ಪನದು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ನಾನು ಉದಗೀರದ ಕಚೇರಿಯೊಂದರಲ್ಲಿ ಉರ್ದು ಕಾಗದ ನಕಲು ಮಾಡುತ್ತಿದ್ದವನು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಕಚೇರಿ ಮರಾಠಿಗೆ ತಿರುಗಿತು, ನನ್ನ ಕೆಲಸ ಹೋಯಿತು. ನಿಲಂಗಾದಲ್ಲಿ ತರಬೇತಿ ಸೇರಿದೆ. ಯಾವ ವಿಷಯ ಕಲಿಸುತ್ತೀರಿ ಎಂದು ಅರ್ಜಿ ಕೇಳಿತು. ಮರಾಠಿ ಓದಲು ತಡವರಿಸುತ್ತಿದ್ದೆ. ಕನ್ನಡ ಮನೆಯ ಮಾತು, ಬರೆದು ರೂಢಿಯಿಲ್ಲ. ಅಂಕಿಗೆ ಯಾವ ಭಾಷೆ ಎಂದುಕೊಂಡು 'ಗಣಿತ' ಎಂದು ಬರೆದೆ. ಪರೀಕ್ಷೆ ಬಾಯಿಲೆಕ್ಕದ್ದು ಎಂದು ತಿಳಿದದ್ದು ಆಮೇಲೆ. ಕಾಗದ ಕೊಟ್ಟರೆ ಎಂಥ ಲೆಕ್ಕವನ್ನೂ ಬಿಡಿಸುವೆ. ಆದರೆ ದೀಡಕಿ, ಅಂದರೆ ಒಂದೂವರೆಯ ಮಗ್ಗಿ, ನಾಲಿಗೆಗೆ ಬರುತ್ತಿರಲಿಲ್ಲ. ಮಲ್ಲಪ್ಪನಿಗೆ ಅದು ಉಸಿರಾಟದಷ್ಟು ಸಲೀಸು.

ಪರೀಕ್ಷೆಯ ದಿನ ಬೆಳಿಗ್ಗೆ ಚಳಿ. ಇಬ್ಬರೂ ಚಾಪೆಯ ಮೇಲೆ ಅವನ ಒಂದೇ ಕಂಬಳಿ ಹೊದ್ದು ಕೂತೆವು. ಪರೀಕ್ಷೆ ಮಾಡಲು ಬಂದಿದ್ದ ಸಾಹೇಬರು ನನ್ನತ್ತ ಬೆರಳು ಮಾಡಿದರು: "ಹದಿನೇಳ ದೀಡಕಿ?"

ಆಗ ಕಂಬಳಿಯೊಳಗೆ ಮಲ್ಲಪ್ಪ ನನ್ನ ಕೈ ಹಿಡಿದ. ದನದ ಸಂತೆಯಲ್ಲಿ ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಹಾಗೆ. ಮೊದಲು ಎರಡು ಬೆರಳು, ಆಮೇಲೆ ಐದೂ, ಕೊನೆಗೆ ಒಂದು ಬೆರಳು ಅರ್ಧಕ್ಕೆ.

"ಇಪ್ಪತ್ತೈದೂವರೆ" ಎಂದೆ.

ಸಾಹೇಬರು ಮಲ್ಲಪ್ಪನತ್ತ ತಿರುಗಿದರು. ಅವನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅವರು ಎತ್ತುಗಳಿಗೆ ಹೆಸರಾದ ದೇವಣಿ ಕಡೆಯವರು, ದನದ ಸಂತೆ ನೋಡಿದವರು — ಎದ್ದು ಬಂದು ಕಂಬಳಿ ಎತ್ತಿಯೇಬಿಟ್ಟರು.

"ಏನ್ರೋ, ಎತ್ತಿನ ಯಾಪಾರ ನಡದದೇನು? ಯಾರು ಯಾರಿಗಿ ಹೇಳಿಕೊಡಾಕತ್ತೀರಿ?"

"ನಾನಽ ಕೇಳಾಕತ್ತಿದ್ನಿರೀ ಸಾಹೇಬ್ರ. ನನಗ ಬರಂಗಿಲ್ರೀ" ಎಂದ ಮಲ್ಲಪ್ಪ.

ಕುರಿ ಕಾಯುವವನು ಕೇಳಿದ, ಕಚೇರಿಯವನು ಹೇಳಿಕೊಟ್ಟ — ಸಾಹೇಬರು ತಕ್ಷಣ ನಂಬಿದರು. ಅವನು ನಾಪಾಸಾದ, ನಾನು ಪಾಸಾದೆ.

ಹೊರಗೆ ಬಂದು ಕೇಳಿದೆ, ಯಾಕೆ ಹಾಗಂದೆ ಎಂದು. "ನನಗ ಕುರಿ ಅದಾವೋ ತಮ್ಮಾ. ನಿನಗ ಏನದ?" ಎಂದ. ಒಳಗೆ ಹೋಗಿ ನಿಜ ಹೇಳಲು ಹತ್ತು ಹೆಜ್ಜೆ ಸಾಕಿತ್ತು. ನಾನು —

ಹೋಗಲಿಲ್ಲ.

ಮಾಸ್ತರನಾದ ಮೊದಲ ವರ್ಷವಿಡೀ, ಪ್ರತಿ ರವಿವಾರ ಬೆಳಿಗ್ಗೆ ಏಳಕ್ಕೆ ಅವನು ನನ್ನ ಕೋಣೆಗೆ ಬಂದ. ಒಂದು ವಾರವೂ ತಪ್ಪಿಸಲಿಲ್ಲ. "ಹುಡುಗರ ಮುಂದ ನೀ ತಡವರಿಸಿದ್ರ ನಂದೇ ಮರ್ಯಾದಿ ಹೋಗತದ, ಮಾಸ್ತರ. ಹೇಳು, ಹತ್ತೊಂಬತ್ತ ದೀಡಕಿ?" ನಾನು ನಿವೃತ್ತಿಯ ದಿನದವರೆಗೆ ತರಗತಿಯಲ್ಲಿ ತಡವರಿಸಲಿಲ್ಲ. ನನ್ನ ಮಕ್ಕಳು ಮಗ್ಗಿ ಒಪ್ಪಿಸುವ ರಾಗ ಅವನದೇ. ನಾನು ಉಂಡ ಪ್ರತಿ ರೊಟ್ಟಿಯಲ್ಲಿ ಅವನ ಪಾಲಿದೆ.

ಕ್ಷಮೆ ಕೇಳಲು ಹೋದಾಗಲೆಲ್ಲ ಅವನು "ಸಂತಿ ಎದ್ದು ಹೋಯ್ತು ಬಿಡೋ" ಎಂದು ಬಾಯಿ ಮುಚ್ಚಿಸುತ್ತಾನೆ. ಆದರೆ ಕಳೆದ ವಾರ ಅವನ ಮೊಮ್ಮಗಳು ನನ್ನೆದುರೇ ಅವನನ್ನು ಛೇಡಿಸಿದಳು: "ಮಾಸ್ತರ ಅಜ್ಜಾ ಪಾಸ್, ನಮ್ಮಜ್ಜಾ ಲೆಕ್ಕದಾಗ ನಾಪಾಸ್!" ಅವನು ನಕ್ಕ. ನನಗೆ ನಗಲಾಗಲಿಲ್ಲ.

ನಾಳೆ ಮೊದಲ ಬಸ್ಸಿಗೆ ಅವನ ಊರಿಗೆ ಹೋಗುತ್ತೇನೆ. ಇದನ್ನೆಲ್ಲ ಬರೆದಿಟ್ಟ ಈ ಹಾಳೆ ಕೊಡುವುದು ಅವನಿಗಲ್ಲ, ಆ ಹುಡುಗಿಗೆ. ನಿಮ್ಮಜ್ಜನ ಮುಂದೆ ಕೂತು ಗಟ್ಟಿಯಾಗಿ ಓದು ಎನ್ನುತ್ತೇನೆ.