ಬೆಲ್ಲವಿಲ್ಲದ ಚಕ್ಕೋತದ ಪಚಡಿ

ಅಡುಗೆಮನೆಯಲ್ಲಿ ಮೂತ್ರ ಕುದಿಸುವ ಬಾಳು ನನ್ನದಾಯಿತಲ್ಲ ಎಂದು ಬೆಂಗಳೂರಿನ ಮೊದಲ ಚಳಿಗಾಲದಲ್ಲೇ ಅತ್ತುಬಿಟ್ಟಿದ್ದೆ. ಗದಗಿನಿಂದ ವರ್ಗವಾಗಿ ಬಂದ ನಮ್ಮವರ ಕಾಲ್ಬೆರಳಿನ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ನೀಲಿ ಔಷಧ, ಅದಕ್ಕೆ ಕೆಲವು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದ ಮೇಲೂ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ವಿಪರೀತ ಇದೆ. ನಮ್ಮದು ದಿನವೂ ಕಿತ್ತಳೆ. ಹೀಗೇ ಇದ್ದರೆ ಕಾಲು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇದೆ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಪಲ್ಯಕ್ಕೂ ಚೂರು ಬೆಲ್ಲ, ಪಚಡಿಗೂ ಚೂರು ಬೆಲ್ಲ. ಇಲ್ಲಿ ಬಂದವರಿಗೆ ಕಾಫಿ. ಒಲ್ಲೆ ಎಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ರಾಜಾಜಿನಗರದಲ್ಲಿ ನಾವಿದ್ದದ್ದು ವಠಾರದಲ್ಲಿ, ಅಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಸಾಲು ಮನೆಗಳಲ್ಲಿ. ಮೊದಲ ದಿನ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ, ಮನೆಯಲ್ಲಿ ಏನು ರಿಪೇರಿ ಎಂದು ವಿಚಾರಿಸಲು ಬಂದವರುಂಟು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮೇಲೂ ಇವರ ಬಾಯಲ್ಲಿ ನಾನು 'ಹುಬ್ಬಳ್ಳಿ ಕಡೆಯವರು'. ಗದಗ ಬೇರೆ, ಹುಬ್ಬಳ್ಳಿ ಬೇರೆ ಎಂದು ಹೇಳಿ ಹೇಳಿ ಸಾಕಾಯಿತು.

ಹಾಗೆ ವಿಚಾರಿಸಲು ಬಂದವರಲ್ಲಿ ಒಬ್ಬರು ಪಕ್ಕದ ಮನೆಯ ಶಾರದಮ್ಮ, ಶಾಲೆಯ ಟೀಚರು. ಒಂದು ಸಂಜೆ ತಲೆಗಾತ್ರದ ಹಸಿರು ಹಣ್ಣೊಂದನ್ನು ತಂದು ನನ್ನ ಕೈಗಿಟ್ಟರು.

"ಏನ್ರೀ, ಚಕ್ಕೋತ ನೋಡೇ ಇಲ್ವಾ? ಒಳ್ಳೆ ಕುಂಬಳಕಾಯಿ ನೋಡ್ದಂಗೆ ನೋಡ್ತಿದೀರಲ್ಲ! ರಸ ಮಾತ್ರ ಹಿಂಡ್ಬೇಡಿ. ತೊಳೆ ಬಿಡಿಸಿ ಕೋಸಂಬರಿಗೆ ಹಾಕಿ. ನಮ್ಮತ್ತೆಗೂ ಶುಗರ್ ಇತ್ತು, ಹಿಂಗೇ ಮಾಡ್ಕೊಡ್ತಿದ್ದೆ. ನಾಕು ತೊಳೆ ಸಾಕು, ಜಾಸ್ತಿ ಬೇಡ."

ಬಿಳಿ ನಾರಿನ ಸಮೇತ ಹಾಕಿ ಮೊದಲ ಸಲ ಬೇವಿನಂತೆ ಕಹಿ ಮಾಡಿದೆ. ಎರಡನೆಯ ಸಲ ಮೊದಲೇ ಉಪ್ಪು ಬೆರೆಸಿದ್ದರಿಂದ ನೀರೊಡೆದು ಸಾರಾಯಿತು. ಆಮೇಲೆ ಕೈ ಕುದುರಿತು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಪೊರೆ ಸುಲಿದ ಚಕ್ಕೋತ, ಎರಡು ತೊಳೆ ಕಿತ್ತಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆಹಣ್ಣು. ಉಪ್ಪು ಬಡಿಸುವಾಗ ಮಾತ್ರ. ಮೇಲೆ ನಮ್ಮ ಕಡೆಯ ಶೇಂಗಾ ಪುಡಿ. ಅದು ಅವರ ಕೋಸಂಬರಿಯೂ ಅಲ್ಲ, ನಮ್ಮ ಪಚಡಿಯೂ ಅಲ್ಲ. ಕಿತ್ತಳೆ ಬಿಡಿಸುವಾಗಲೆಲ್ಲ ಆ ನಳಿಕೆಯ ಬಣ್ಣ ಕಣ್ಣಿಗೆ ಕಟ್ಟುತ್ತಿತ್ತು.

ನಮ್ಮವರದು ದಿನಾ ಒಂದೇ ತಗಾದೆ. "ಶೇಂಗಾ ಐತಿ, ಖಾರ ಐತಿ, ಹುಳಿ ಐತಿ. ಬೆಲ್ಲ ಎಲ್ಲೈತಿ?"

"ಡಾಕ್ಟರ ಮನ್ಯಾಗ ಐತ್ರಿ, ಹೋಗಿ ಕೇಳ್ರಿ," ಎನ್ನುತ್ತಿದ್ದೆ. ನಗುತ್ತ ಬಟ್ಟಲು ಖಾಲಿ ಮಾಡುತ್ತಿದ್ದರು.

ಗುಳಿಗೆ, ಅನ್ನದ ಬದಲು ಜೋಳದ ಒಂದೇ ರೊಟ್ಟಿ, ಊಟದ ಮೊದಲು ಈ ಬಟ್ಟಲು. ಮರುವರ್ಷದ ಚಳಿ ಬರುವ ಹೊತ್ತಿಗೆ ನಳಿಕೆಯ ಬಣ್ಣ ಹಳದಿಯಾಗಿ, ಹಸಿರಾಗಿ, ಗಾಯವೂ ಒಣಗಿತು. ಒಂದು ಬೆಳಿಗ್ಗೆ ಎಷ್ಟು ಕುದಿಸಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ನಮ್ಮವರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಶಾರದಮ್ಮನನ್ನು ಕೂಗಿ ಕರೆದು ತೋರಿಸಿದರು. ಆವತ್ತು ಊಟಕ್ಕೆ ಕೂತಾಗ ಕೇಳಿದರು, "ಇವತ್ತರ ಚೂರು ಬೆಲ್ಲ ಹಾಕಬಾರದ?"

"ಸಂಕ್ರಾಂತಿಗೆ ಹಾಕ್ತೀನ್ರಿ. ಖರೇನ."

ಸಂಕ್ರಾಂತಿಗೆ ಇನ್ನೂ ದಿನಗಳಿದ್ದವು. ಕಚೇರಿಗೆಂದು ಹೊರಟವರು ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ. ಕಾಲು ಉಳಿಸಿಕೊಂಡೆ, ಅವರನ್ನು ಉಳಿಸಿಕೊಳ್ಳಲಾಗಲಿಲ್ಲ.

ಗದಗಿನಲ್ಲಿ ಕಾರ್ಯದ ದಿನ ಎಡೆಗೆ ಗೋಧಿ, ಬೆಲ್ಲದ ಮಾದಲಿ, ಶೇಂಗಾ ಹೋಳಿಗೆ ಎಲ್ಲ ಇಟ್ಟರು. ಅತ್ತೆ ನನ್ನತ್ತ ನೋಡದೆ, "ಹುಳಿ ಹಣ್ಣ ತಿನಿಸಿ ತಿನಿಸಿ ನನ್ನ ಮಗನ್ನ ಸೊರಗಿಸಿದಿ. ಒಂದ ಹೋಳಿಗಿ ಹಾಕಲಿಲ್ಲ," ಎಂದರು. ನೀಲಿಯಾಗಿಯೇ ಉಳಿದ ನಳಿಕೆಯ ಮಾತು ಹೇಳೋಣವೆನಿಸಿತು. ಮಗನನ್ನು ಕಳೆದುಕೊಂಡವರಿಗೆ ಯಾವ ಬಣ್ಣ ಹೇಳಲಿ? ಹುಟ್ಟಿದೂರಿನ ಅಂಗಳದಲ್ಲಿ ಹೊರಗಿನವಳಾಗಿ ನಿಂತೆ.

ನಮ್ಮವರ ಕಚೇರಿಯಲ್ಲೇ ನನಗೆ ಕೆಲಸ ಕೊಟ್ಟರು. ಅದೇ ವಠಾರಕ್ಕೆ ಮರಳಿದೆ. ಈಗ ಅಂಗಡಿಯಲ್ಲಿ 'ಕೊಡಿ' ಎನ್ನುತ್ತೇನೆ, ಕನಸಿನಲ್ಲಿ ಮಾತ್ರ 'ಕೊಡ್ರಿ'. ಊರಿಗೆ ಹೋದರೆ ಬೆಂಗಳೂರಿನಾಕಿ, ಇಲ್ಲಿ ಇನ್ನೂ ಹುಬ್ಬಳ್ಳಿ ಕಡೆಯವರು.

ಸೂತಕದ ವರ್ಷ ಕಳೆದು ಈ ಸಲ ಸಂಕ್ರಾಂತಿ ಮಾಡಿದೆ. ಚಕ್ಕೋತ ತಂದು, ಪೊರೆ ಸುಲಿದು, ಎಲ್ಲ ಎಂದಿನಂತೆ ಕಲೆಸಿದೆ. ಕೊನೆಗೆ ಬೆಲ್ಲ ತುರಿದೆ. ಕೈ ಒಮ್ಮೆ ತಡೆಯಿತು. ಈಗ ಯಾರ ಕಾಲು ಹೋಗಬೇಕು ಎಂದುಕೊಂಡು ಹಿಡಿತುಂಬ ಹಾಕಿ, ಅವರ ಪಟದ ಮುಂದೆ ಎಡೆ ಇಟ್ಟೆ.

ಆಮೇಲೆ ಒಂದು ತುತ್ತು ಬಾಯಿಗೆ ಇಟ್ಟುಕೊಂಡೆ. ನನಗೆ ಸೇರಲಿಲ್ಲ. ಬೆಲ್ಲವಿಲ್ಲದ ರುಚಿಗೇ ನನ್ನ ನಾಲಿಗೆ ಒಗ್ಗಿಹೋಗಿತ್ತು. ಗೋಡೆಗೆ ಒರಗಿ ಅತ್ತುಬಿಟ್ಟೆ.

ಎಳ್ಳು ಬೀರಲು ಬಂದ ಶಾರದಮ್ಮನಿಗೂ ಒಂದು ಬಟ್ಟಲು ಕೊಟ್ಟೆ. ಬಾಯಿಗೆ ಹಾಕಿಕೊಂಡವರೇ ಹುಬ್ಬೇರಿಸಿದರು. "ಇದೇನ್ರೀ, ಇಷ್ಟೊಂದು ಸಿಹಿ?"

"ಅವರಿಗೆ ಹಿಂಗ ಬೇಕ್ರಿ," ಎಂದೆ.