ಕೊಯ್ಯದೆ ಬಿಟ್ಟ ನಾಲ್ಕು ಟೈರು

ಕಳೆದ ಭಾನುವಾರ ಬೆಳಿಗ್ಗೆ ನೋಡಿದರೆ ಕಾರಿನ ಹಿಂದಿನ ಚಕ್ರವೊಂದು ನೆಲಕ್ಕೆ ಕೂತಿತ್ತು. ಸ್ಟೆಪ್ನಿ ತೆಗೆಯೋಣವೆಂದು ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಮುಚ್ಚಿಟ್ಟಲ್ಲೇ ಬೆಂದಿದ್ದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಆರು ವರ್ಷದಿಂದ ನಾನು ಆ ಕಾರ್ಪೆಟ್ ಎತ್ತಿರಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಟೈರು ಒಂದು ದಿನವೂ ರಸ್ತೆ ಕಂಡಿರಲಿಲ್ಲ. ಹೊಸ ಟೈರಿನ ಮೈಮೇಲಿರುವ ಸಣ್ಣ ರಬ್ಬರ್ ಕೂದಲೂ ಹಾಗೇ ಇದ್ದವು.

"ಹೊಸದಿದ್ದ ಹಾಗಿದೆಯಲ್ರೀ, ಹಾಕಬಾರದಾ?" ಎಂದಳು ಹೆಂಡತಿ.

ನಾನು ಕಾರ್ಪೆಟ್ ಮುಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಚಿಂತೆ ಮಾಡುವುದು ನನಗೆ ಉಸಿರಾಟದಷ್ಟೇ ಸಹಜ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಬಸ್ಸಿಳಿದು ಮನೆಗೆ ಬಂದವನು ನಾನು. ಗ್ಯಾಸು ಆರಿರುತ್ತಿತ್ತು. ಮಧುಗಿರಿಯಿಂದ ಕೊರಟಗೆರೆಯ ಹೈಸ್ಕೂಲಿಗೆ ಓಡಾಡಲೆಂದು ಕಾರು ಕೊಂಡ ಮೇಲೆ ಆ ಚಿಂತೆಗೂ ನಾಲ್ಕು ಚಕ್ರ ಬಂದವು. ದಿನವೂ ಹೊರಡುವ ಮೊದಲು ಒಂದೊಂದು ಟೈರನ್ನೂ ಕಾಲಿನಿಂದ ಒದ್ದು ನೋಡುತ್ತಿದ್ದೆ. ಒದ್ದರೆ ಏನು ಗೊತ್ತಾಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ಪಂಕ್ಚರ್ ಅಣ್ಣ. ಊರಾಚೆ ಕೊರಟಗೆರೆ ರಸ್ತೆಯಲ್ಲಿ, ಹುಣಸೆಮರದ ಕೆಳಗೆ ತಗಡಿನ ಅಂಗಡಿ. ಮುಂದೆ ನೀರಿನ ತೊಟ್ಟಿ, ಹಿಂದೆ ಹಳೇ ಟೈರಿನ ಗುಡ್ಡೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಕಾರು ಕಂಡ ಕೂಡಲೇ ಬೀಡಿ ಎಸೆದು ಏಳುತ್ತಿದ್ದ.

"ಬಂದ್ರು ನೋಡಪ್ಪ, ಟೈರಿಗೆ ಜ್ವರ ನೋಡೋ ಡಾಕ್ಟ್ರು! ಹೋದ ವಾರ ಹಾಕಿದ ಗಾಳಿ ಹೆಂಗೈತೆ ಮೇಷ್ಟ್ರೆ, ಉಂಡು ಮಲಗ್ತಾ?"

ನಗುತ್ತಿದ್ದ, ಆದರೆ ಅಳತೆಯಲ್ಲಿ ನಗು ಇರುತ್ತಿರಲಿಲ್ಲ. ತುಂಬ ದೂರ ಓಡಿಸಿ ಬಂದ ದಿನ ಗಾಳಿ ಅಳೆಯಲು ಒಪ್ಪುತ್ತಲೇ ಇರಲಿಲ್ಲ. ಓಡಿ ಬಂದ ಟೈರು ಕಾದಿರುತ್ತದೆ, ಲೆಕ್ಕ ಸುಳ್ಳು ಹೇಳುತ್ತದೆ, ತಣ್ಣಗಿರುವಾಗ ಬನ್ನಿ ಎಂದು ಓಡಿಸುತ್ತಿದ್ದ. ಬೇಸಿಗೆ ಬಂತೆಂದರೆ ಶಿರಾ, ಪಾವಗಡದ ಕಡೆಯ ಗಾಡಿಯವರು ಬಂದು, ಬಿಸಿಲು ಜಾಸ್ತಿ, ಸ್ವಲ್ಪ ಗಾಳಿ ಇಳಿಸು ಅನ್ನುತ್ತಿದ್ದರು. ಅವರ ಜೊತೆ ಅವನಿಗೆ ವರ್ಷಾ ವರ್ಷಾ ಜಗಳ. "ಗಾಳಿ ಕಮ್ಮಿಯಾದ್ರೆ ಪಕ್ಕೆ ಮಡಚ್ಕಂಡು ಇನ್ನಾ ಕಾಯ್ತೈತೆ ಕಣಯ್ಯ! ಕಂಪ್ನಿಯೋರು ಬಾಗ್ಲ ಹತ್ರ ಅಳತೆ ಬರ್ದಿರೋದು ಯಾಕೆ, ಅಂದಕ್ಕಾ?"

ಮುಂದಿನ ಟೈರು ಬೇಗ ಸವೆಯುತ್ತದೆ, ಆಗಾಗ ಹಿಂದು ಮುಂದು ಬದಲಿಸಬೇಕೆಂದು ಕಲಿಸಿದ. ಗೀರಿನೊಳಗೆ ನಾಣ್ಯ ನಿಲ್ಲಿಸಿ ಗ್ರಿಪ್ ಎಷ್ಟಿದೆ ನೋಡುವುದನ್ನು ಕಲಿಸಿದ. ಎಲ್ಲಕ್ಕಿಂತ ಮುಖ್ಯವಾಗಿ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದು ಟೈರು ಹುಟ್ಟಿದ ದಿನ. "ಗ್ರಿಪ್ ನೋಡಿ ಮೋಸ ಹೋಗ್ಬ್ಯಾಡಿ ಮೇಷ್ಟ್ರೆ. ಓಡ್ದಿದ್ರೂ ವಯಸ್ಸಾಗ್ತೈತೆ. ಐದು ತುಂಬಿದ್ ಮ್ಯಾಲೆ ಬಿರುಕು ಹುಡುಕ್ತಾ ಇರ್ಬೇಕು. ಏಳಾಯ್ತಾ, ನಾನಂತೂ ಮುಟ್ಟಲ್ಲ."

ಮುಟ್ಟುತ್ತಿರಲಿಲ್ಲ ಕೂಡ. ವಯಸ್ಸಾದ ಟೈರನ್ನು ಯಾರೇ ಬಿಚ್ಚಿಸಿದರೂ ಅದನ್ನು ಅವನಲ್ಲೇ ಬಿಟ್ಟು ಹೋಗುವುದು ವಾಡಿಕೆ. ಬಿಟ್ಟವರು ಹೊರಡುವ ಮುನ್ನ, ಅವರ ಕಣ್ಣೆದುರೇ, ಅವನು ಚಾಕುವನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಟೈರಿನ ಪಕ್ಕೆಯನ್ನು ಗೇಣುದ್ದ ಕೊಯ್ದುಬಿಡುತ್ತಿದ್ದ. ಯಾಕೆಂದು ಕೇಳಿದ್ದೆ.

"ಕೊಯ್ಯದಂಗೆ ಬುಟ್ರೆ ಯಾವನಾದ್ರೂ ಬಡವ ಬಂದು ಕೇಳ್ತಾನೆ. ನಾನು ಇಲ್ಲ ಅನ್ನಕ್ಕಾಗಲ್ಲ, ಕೊಟ್ಬುಡ್ತೀನಿ. ಆಮ್ಯಾಲೆ?"

ಆ ಬಡವ ಯಾರೆಂದು ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ...

ನನ್ನ ಟೈರುಗಳಿಗೆ ಏಳು ತುಂಬಿದ ವಾರವೇ ನಾನು ಅಂಗಡಿ ಮುಂದೆ ಹಾಜರಾದೆ. ನಾಲ್ಕೂ ಹೊಸದು ಹಾಕಿಸಿದೆ. ಸ್ಟೆಪ್ನಿಗೂ ಅಷ್ಟೇ ವಯಸ್ಸು, ಅದನ್ನು ಮುಂದಿನ ತಿಂಗಳು ನೋಡೋಣ ಎಂದ. ಆಮೇಲೆ ಚಾಕು ತೆಗೆದುಕೊಂಡ, ನೀರಿಗೆ ಅದ್ದಿದ, ಬಿಚ್ಚಿಟ್ಟಿದ್ದ ಹಳೇ ಟೈರುಗಳಲ್ಲಿ ಮೊದಲನೆಯದರ ಮೇಲೆ ಮೊಣಕಾಲೂರಿದ. ಹೆಬ್ಬೆರಳಿನಿಂದ ಗೀರುಗಳನ್ನು ಸವರಿದ. ಒಮ್ಮೆ ಸವರಿದವನು ಇನ್ನೊಮ್ಮೆ ಸವರಿದ. ಚಾಕು ಕೆಳಗಿಟ್ಟ.

"ಏನ್ ಮೇಷ್ಟ್ರೆ ಇಂಗ್ ಸಾಕಿದೀರಾ! ಮಗೀನ ಕೆನ್ನೆ ಇದ್ದಂಗೈತೆ." ಅಂಗಡಿಯ ಹಿಂದಕ್ಕೆ ತಿರುಗಿ ನೋಡಿದ. "ನನ್ ಕಾರಿಗೂ ಇದೇ ಸೈಜು. ಅದ್ರಾಗೆ ಇರೋವು ಬೋಳಾಗೋಗವೆ. ಮಗ್ಳನ್ನ ಹೆರಿಗೆಗೆ ಪಾವಗಡದಿಂದ ಕರ್ಕಂಬರ್ಬೇಕು. ಅದೊಂದು ಸಲಕ್ಕೆ... ಆಮೇಲೆ ಕೊಯ್ದು ಬಿಸಾಕ್ತೀನಿ."

ಅಂಗಡಿಯ ಹಿಂದೆ ನಿಂತಿರುತ್ತಿದ್ದ ಅವನ ಹಳೇ ಕಾರು ನನಗೆ ಗೊತ್ತಿತ್ತು. ನನ್ನ ಟೈರಿನ ಗೀರಿನೊಳಗೆ ಕೂದಲೆಳೆಯಷ್ಟು ಬಿರುಕು ಇದ್ದದ್ದೂ ಗೊತ್ತಿತ್ತು. ಹಿಂದಿನ ತಿಂಗಳು ಅವನೇ ಉಗುರು ಊರಿ ತೋರಿಸಿದ್ದ. ನಾನೇನು ಹೇಳಿದೆ? "ಅದಕ್ಕೇನಣ್ಣ, ಇಟ್ಕೋ" ಎಂದೆ. ಮಗುವಿನ ಕೆನ್ನೆ ಎಂದನಲ್ಲ, ನನಗೆ ಒಳಗೊಳಗೇ ಉಬ್ಬು. ಸ್ಕೂಲಿಗೆ ಹೋಗಿ ಸ್ಟಾಫ್ ರೂಮಿನಲ್ಲೂ ಹೇಳಿಕೊಂಡೆ. ಆರಿದ್ದ ಗ್ಯಾಸಿಗೆ ಬಸ್ಸಿಳಿದು ಬಂದವನು ಆ ದಿನ ಒಂದು ಚೂರೂ ಚಿಂತೆ ಮಾಡಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎರಡು ವಾರದ ಮೇಲೆ, ಬೇಸಿಗೆಯ ಮಟಮಟ ಮಧ್ಯಾಹ್ನ, ಪಾವಗಡದ ರಸ್ತೆಯಲ್ಲಿ ಅವನ ಕಾರಿನ ಮುಂದಿನ ಎಡಗಡೆ ಟೈರು ಸಿಡಿಯಿತು. ಕಾರು ಬಂಡೆಗೆ ಹೊಡೆಯಿತು. ಒಬ್ಬನೇ ಇದ್ದ. ಆಸ್ಪತ್ರೆ ಮುಟ್ಟಲಿಲ್ಲ.

ಹೋಗುವಾಗ ಆಯ್ತು, ಮಗಳನ್ನು ಕೂರಿಸಿಕೊಂಡು ಬರುವಾಗ ಆಗಿದ್ದರೆ ಏನು ಗತಿ ಎಂದು ಜನ ಸಮಾಧಾನ ಹೇಳಿಕೊಂಡರು. ಅದನ್ನೂ ಸಮಾಧಾನ ಎನ್ನುತ್ತಾರೆ.

ಹನ್ನೊಂದನೇ ದಿನ ಅವನ ಮನೆಗೆ ಹೋದೆ. ಬಿರುಕಿನ ವಿಷಯ ಹೇಳಬೇಕೆಂದೇ ಹೋಗಿದ್ದೆ. ಅಂಗಳದಲ್ಲಿ ತುಂಬು ಬಸುರಿ ಮಗಳು ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಏಳಲು ನೋಡಿದಳು. ಬೇಡಮ್ಮ ಎಂದೆ.

"ಹೊಂಡೋ ಮುಂಚೆ ಫೋನ್ ಮಾಡಿತ್ತು ಮೇಷ್ಟ್ರೆ ನಮ್ಮಪ್ಪ. ಹಳೇ ಕಾರು, ಬಿಸ್ಲು ಬ್ಯಾರೆ, ಬಸ್ಸಾಗೆ ಬಾರಪ್ಪ ಅಂದೆ. 'ಮೇಷ್ಟ್ರು ಸಾಕಿರೋ ಟೈರು ಹಾಕಿವ್ನಿ ಕಣವ್ವ, ಏನೂ ಆಗಲ್ಲ' ಅಂತು."

"ಹೂಂನಮ್ಮ" ಎಂದೆ. ಕೊಟ್ಟ ಕಾಫಿ ಕುಡಿದೆ. ಚಪ್ಪಲಿ ಮೆಟ್ಟಿ ಬಂದೆ.

ಆಮೇಲೆ ನಾನು ಟೈರು ಒದೆಯುವುದನ್ನು ಬಿಟ್ಟೆ. ಸೋಮವಾರ ಗಾಳಿ ಅಳೆಸುವುದನ್ನೂ ಬಿಟ್ಟೆ. ಬಂಕಿನವರು ಹಾಕಿದಷ್ಟು ಹಾಕಿಸಿಕೊಂಡು ಓಡಿಸಿದೆ. ಕೊರಟಗೆರೆಗೆ ಹೋಗುವಾಗ ಆ ಹುಣಸೆಮರ ಬಂದರೆ ಬಲಕ್ಕೆ ನೋಡುತ್ತಿದ್ದೆ. ಅಂಗಡಿ ಇದ್ದದ್ದು ಎಡಕ್ಕೆ. ಈಗ ಅಲ್ಲಿ ತಗಡೂ ಇಲ್ಲ, ಗುಡ್ಡೆಯೂ ಇಲ್ಲ.

ಕಳೆದ ಭಾನುವಾರ ಬೇರೆ ದಾರಿ ಇರಲಿಲ್ಲ. ಊರೊಳಗಿನ ಟೈರ್ ಅಂಗಡಿಯವರನ್ನು ಕರೆಸಿ ಪಂಕ್ಚರ್ ಹಾಕಿಸಿ, ಕಾರನ್ನು ಅಲ್ಲಿಗೇ ಒಯ್ದೆ. ಅಂದು ಹಾಕಿಸಿದ ನಾಲ್ಕಕ್ಕೂ ಆರು ವರ್ಷ ತುಂಬಿದೆ, ಸ್ಟೆಪ್ನಿಗೆ ಹದಿಮೂರು. ಐದೂ ಬದಲಿಸಿ ಎಂದೆ. ಅಂಗಡಿಯವರು ಸ್ಟೆಪ್ನಿಯನ್ನು ರಿಮ್ಮಿನಿಂದ ಬಿಡಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಸಾರ್, ಸೂಪರಾಗೈತೆ. ಇಲ್ಲೇ ಬುಟ್ಟೋಗಿ, ಯಾರಾದ್ರೂ ಇಲ್ಲದೋರು ಹಾಕ್ಕತಾರೆ."

"ಒಂದು ಚಾಕು ಕೊಡಿ" ಎಂದೆ.

"ಯಾಕ್ ಸಾರ್?"

ಕೈ ಚಾಚಿದೆ. ಮೇಷ್ಟ್ರಿಗೆ ಏನೋ ಆಗಿದೆ ಎಂದುಕೊಂಡರೇನೋ, ಕೊಟ್ಟರು. ಟೈರಿನ ಮೇಲೆ ಮೊಣಕಾಲೂರಿ ಒತ್ತಿದೆ. ರಬ್ಬರು ಚಾಕುವನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಆಗ ನೆನಪಾಯಿತು. ಎದ್ದು ಹೋಗಿ ಚಾಕುವನ್ನು ಅಲ್ಲಿನ ಪಂಕ್ಚರ್ ತೊಟ್ಟಿಯ ನೀರಿನಲ್ಲಿ ಅದ್ದಿ ತಂದೆ.

ಈ ಸಲ ಸಲೀಸಾಗಿ ಇಳಿಯಿತು. ಗೇಣುದ್ದ. ಕೊಯ್ಯುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.